ಬೆವರು ಕುಡಿಯುವ ಬನಿಯನ್ನು

ಕಳೆದ ಬೇಸಿಗೆ ಮಾಲೇಕಲ್ಲಿನ ನಮ್ಮ ಹೊಲವನ್ನು ಎಳ್ಳಿಗೆ ಹಸನು ಮಾಡುವಾಗ ತಲೆ ಸುತ್ತಿ ಬದುವಿನ ಮೇಲೆ ಕೂತುಬಿಟ್ಟೆ. ಮೈಮೇಲಿದ್ದದ್ದು ಮಗ ತಂದ ಪಾಲಿಯೆಸ್ಟರ್ ಟೀ ಶರಟು. ಬಿಸಿಲಿನ ತಪ್ಪನ್ನೆಲ್ಲ ಅದರ ಮೇಲೆ ಹೊರಿಸಲಾರೆ. ಆದರೂ ಒಳಗೆ ಬೆಂದಂತಾಗಿತ್ತು.

ಹತ್ತಿ ನೂಲು ಗಾಳಿಯಲ್ಲಿನ ತೇವವನ್ನೇ ತೂಕದ ನೂರಕ್ಕೆ ಸುಮಾರು 8 ಪಾಲು ಹಿಡಿದಿರುತ್ತದೆ. ಪಾಲಿಯೆಸ್ಟರಿಗೆ ಅರ್ಧ ಪಾಲೂ ಇಲ್ಲ. ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸ್ ಹತ್ತಿಗಿಂತ ಹೆಚ್ಚು ಹಿಡಿಯುತ್ತದೆ. ಅದನ್ನು ಹತ್ತಿಗೆ ಬೆರೆಸಿ ಹೆಣೆದ ಬನಿಯನ್ನೂ ಈಗ ಸಿಗುತ್ತದೆ. ಹೆಣಿಗೆಯ ಕೊಂಡಿಗಳ ಸಂದಿಯಲ್ಲಿ ಗಾಳಿಯಾಡಿ ಬೆವರು ಆರುತ್ತದೆ, ಆರುವಾಗ ಮೈಕಾವು ಒಯ್ಯುತ್ತದೆ. ಮಡಕೆ ನೀರು ತಣ್ಣಗಾಗುವುದೂ ಹೀಗೇ ಅಲ್ಲವೇ?

ಆದರೆ ಹತ್ತಿ ಪೂರಾ ನೆಂದರೆ ಸಂದು ಮುಚ್ಚಿ ಮೈಗಂಟುತ್ತದೆ, ಬೇಗ ಒಣಗದು. ಅದಕ್ಕೇ ಸಡಿಲವಾದ ಎರಡು ಬನಿಯನ್ನು ಇಟ್ಟುಕೊಂಡು, ಬುತ್ತಿ ಉಣ್ಣುವ ಹೊತ್ತಿಗೆ ಬದಲಿಸುತ್ತೇನೆ.