ಮಂಜುಗಡ್ಡೆಯ ಮೇಲೆ ನಾಲ್ಕು ಓಟಗಳು

ಮಾಗಿಯ ಒಂದು ಬೆಳಗ್ಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಸೀಸೆಯನ್ನು ಎತ್ತಿ ನೋಡಿ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಇಟ್ಟು ಅರ್ಧ ಕರಗಿಸಿದರೆ, ಗಟ್ಟಿಯಾದ ಗಂಟುಗಳು ತಳದಲ್ಲಿಯೂ ತಿಳಿಯಾದ ಎಣ್ಣೆ ಮೇಲೆಯೂ ನಿಲ್ಲುತ್ತವೆ. ಇನ್ನು ಒಂದು ಲೋಟ ನೀರಿಗೆ ಮಂಜುಗಡ್ಡೆಯ ತುಂಡನ್ನು ಹಾಕಿ. ಅದು ತೇಲುತ್ತದೆ. ಎಣ್ಣೆ ಹೆಪ್ಪುಗಟ್ಟುವಾಗ ಕುಗ್ಗುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಈ ಸಣ್ಣ ವ್ಯತ್ಯಾಸದಿಂದಲೇ ಉತ್ತರ ದೇಶಗಳಲ್ಲಿ ಒಂದು ಮಹಾಕ್ರೀಡೆ ಹುಟ್ಟಿತೆಂದರೆ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾಗಬಹುದು.

ನೀರು ೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು, ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಆದುದರಿಂದ ಹಾಲೆಂಡಿನ ಕಾಲುವೆಯಾಗಲಿ, ನಾರ್ವೆಯ ಸರೋವರವಾಗಲಿ ಚಳಿಗಾಲದಲ್ಲಿ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತದೆ. ಕೆಳಗೆ ನೀರು ನೀರಾಗಿಯೇ ಇದ್ದು ಮೀನುಗಳು ಬದುಕಿರುತ್ತವೆ. ನೀರು ನಮ್ಮ ಕೊಬ್ಬರಿ ಎಣ್ಣೆಯಂತೆ ವರ್ತಿಸಿದ್ದರೆ, ಗಡ್ಡೆ ತಳಕ್ಕೆ ಇಳಿದು ಮೇಲೆ ತಣ್ಣೀರು ನಿಲ್ಲುತ್ತಿತ್ತು. ಜನರು ಅದರ ಮೇಲೆ ಜಾರುವ ಮಾತೇ ಇರುತ್ತಿರಲಿಲ್ಲ.

ಹಾಲೆಂಡಿನಲ್ಲಿ ಶತಮಾನಗಳ ಕಾಲ ಸ್ಕೇಟಿಂಗ್ ಎಂಬುದು ಆಟಕ್ಕಿಂತ ಹೆಚ್ಚಾಗಿ ಸಂಚಾರದ ಒಂದು ವಿಧಾನವಾಗಿತ್ತು. ಹಳ್ಳಿಯವರು ಪಾದರಕ್ಷೆಗೆ ಲೋಹದ ಅಲಗನ್ನು ಕಟ್ಟಿಕೊಂಡು ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಊರಿಂದೂರಿಗೆ ಹೋಗುತ್ತಿದ್ದರು. ಇಬ್ಬರು ಒಂದೇ ದಾರಿಯಲ್ಲಿ ಹೊರಟರೆ ಪಂದ್ಯ ಹುಟ್ಟುವುದು ಸಹಜ. ೧೮೮೯ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಹಲವು ದೇಶಗಳ ಸ್ಪರ್ಧಿಗಳನ್ನು ಕೂಡಿಸಿ ವಿಶ್ವಪಂದ್ಯವೆಂಬ ಹೆಸರಿನಲ್ಲಿ ಓಟಗಳು ನಡೆದವು. ೧೮೯೨ರಲ್ಲಿ ಅದೇ ದೇಶದ ಸ್ಖೆವೆನಿಂಗೆನ್ ಎಂಬಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸ್ಥಾಪಿತವಾಯಿತು. ಅದರ ಮರುವರ್ಷ, ೧೮೯೩ರಲ್ಲಿ, ಮೊದಲನೆಯ ಅಧಿಕೃತ ವಿಶ್ವಪಂದ್ಯಾವಳಿ ಆಮ್‌ಸ್ಟರ್‌ಡಾಮಿನಲ್ಲಿಯೇ ನೆರವೇರಿತು.

ಈ ಪಂದ್ಯಾವಳಿಯ ವೈಶಿಷ್ಟ್ಯವೇನೆಂದರೆ, ಒಬ್ಬನೇ ಸ್ಪರ್ಧಿ ೫೦೦, ೧,೫೦೦, ೫,೦೦೦ ಮತ್ತು ೧೦,೦೦೦ ಮೀಟರುಗಳ ನಾಲ್ಕು ಓಟಗಳಲ್ಲಿಯೂ ಪಾಲ್ಗೊಳ್ಳಬೇಕು. ಕ್ರಿಕೆಟ್ಟಿನಲ್ಲಿ ಬ್ಯಾಟು, ಬೌಲಿಂಗು ಎರಡನ್ನೂ ಬಲ್ಲವನನ್ನು ನಾವು ಆಲ್‌ರೌಂಡರ್ ಎನ್ನುವುದಿಲ್ಲವೆ? ಹಾಗೆಯೇ ಇಲ್ಲಿಯೂ ಗಿಡ್ಡ ಓಟ, ದೀರ್ಘ ಓಟಗಳೆರಡರಲ್ಲಿಯೂ ಸಮರ್ಥನಾದವನೇ ಚಾಂಪಿಯನ್. ಮೊದಲಿನ ನಿಯಮ ಬಲು ಕಠಿನವಾದುದು: ನಾಲ್ಕರಲ್ಲಿ ಮೂರು ಓಟಗಳನ್ನು ಗೆದ್ದವನಿಗೆ ಮಾತ್ರ ಪ್ರಶಸ್ತಿ. ೧೮೯೩ರಲ್ಲಿ ಹಾಲೆಂಡಿನ ಯಾಪ್ ಏಡನ್ ಮೂರನ್ನು ಗೆದ್ದು ಪ್ರಥಮ ಚಾಂಪಿಯನ್ ಆದನು. ೧೮೯೪ರಲ್ಲಿ ಯಾರೂ ಮೂರು ಓಟಗಳನ್ನು ಗೆಲ್ಲಲಿಲ್ಲ. ಆ ವರ್ಷ ಚಾಂಪಿಯನ್ನೇ ಇಲ್ಲ! ೧೮೯೫ ಮತ್ತು ೧೮೯೬ರಲ್ಲಿ ಏಡನ್ ಮತ್ತೆ ಗೆದ್ದನು. ಇವನು ಸೈಕಲ್ ಓಟದಲ್ಲಿಯೂ ವಿಶ್ವವಿಜೇತನಾಗಿದ್ದನೆಂಬುದು ಗಮನಾರ್ಹ.

ಉತ್ತಮ ಸ್ಪರ್ಧಿಗಳಿದ್ದೂ ಪ್ರಶಸ್ತಿ ಯಾರಿಗೂ ಸಲ್ಲದಿದ್ದರೆ ಅದು ನ್ಯಾಯವೆ? ನಾಲ್ಕು ಬೇರೆ ಬೇರೆ ಓಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಬಹುಕಾಲದ ಪ್ರಯೋಗಗಳ ನಂತರ ಒಂದು ಸರಳ ಗಣಿತ ನೆಲೆಯೂರಿತು. ಪ್ರತಿಯೊಂದು ಓಟದ ಕಾಲವನ್ನೂ ಸೆಕೆಂಡುಗಳಲ್ಲಿ ಬರೆದು, ೫೦೦ ಮೀಟರಿಗೆ ಎಷ್ಟು ಕಾಲ ಹಿಡಿಯಿತೆಂದು ಲೆಕ್ಕ ಹಾಕುವುದು. ಬಂದ ನಾಲ್ಕು ಸಂಖ್ಯೆಗಳನ್ನು ಕೂಡಿಸುವುದು. ಅಂದರೆ ೧,೫೦೦ ಮೀಟರಿನ ಕಾಲವನ್ನು ೩ರಿಂದಲೂ, ೫,೦೦೦ದ್ದನ್ನು ೧೦ರಿಂದಲೂ, ೧೦,೦೦೦ದ್ದನ್ನು ೨೦ರಿಂದಲೂ ಭಾಗಿಸಬೇಕು. ಯಾರ ಮೊತ್ತ ಕಡಿಮೆಯೋ ಅವನೇ ವಿಜಯಿ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ‘ಅ’ ಎಂಬಾತ ೫೦೦ ಮೀಟರನ್ನು ೩೮ ಸೆಕೆಂಡುಗಳಲ್ಲಿಯೂ, ‘ಬ’ ಎಂಬಾತ ೩೬.೫ ಸೆಕೆಂಡುಗಳಲ್ಲಿಯೂ ಮುಗಿಸಿದರೆಂದು ಭಾವಿಸಿ. ‘ಬ’ನಿಗೆ ೧.೫ ಅಂಶಗಳ ಮುನ್ನಡೆ. ಎರಡನೆಯ ಓಟ ೫,೦೦೦ ಮೀಟರು. ‘ಅ’ನಿಗೆ ೬ ನಿಮಿಷ ೩೦ ಸೆಕೆಂಡು, ‘ಬ’ನಿಗೆ ೬ ನಿಮಿಷ ೪೫ ಸೆಕೆಂಡು ಹಿಡಿಯಿತು. ಹದಿನೈದು ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿದರೆ ೧.೫, ಇಬ್ಬರೂ ಸಮನಾದರು. ಮರುದಿನ ೧,೫೦೦ ಮೀಟರಿನಲ್ಲಿ ‘ಅ’ನಿಗೆ ೧ ನಿಮಿಷ ೫೪ ಸೆಕೆಂಡು, ‘ಬ’ನಿಗೆ ೧ ನಿಮಿಷ ೫೧ ಸೆಕೆಂಡು, ‘ಬ’ ಒಂದು ಅಂಶ ಮುಂದಾದನು. ಉಳಿದುದು ೧೦,೦೦೦ ಮೀಟರು. ಇಲ್ಲಿ ಒಂದು ಅಂಶವೆಂದರೆ ೨೦ ಸೆಕೆಂಡು. ಆದುದರಿಂದ ‘ಅ’ನು ಪ್ರಶಸ್ತಿ ಪಡೆಯಬೇಕಾದರೆ ‘ಬ’ನಿಗಿಂತ ೨೦ ಸೆಕೆಂಡಿಗೂ ಹೆಚ್ಚು ಮುಂಚಿತವಾಗಿ ಗುರಿ ಮುಟ್ಟಬೇಕು. ಅವನು ೧೩ ನಿಮಿಷ ೪೦ ಸೆಕೆಂಡುಗಳಲ್ಲಿಯೂ ‘ಬ’ನು ೧೪ ನಿಮಿಷ ೧೦ ಸೆಕೆಂಡುಗಳಲ್ಲಿಯೂ ಮುಗಿಸಿದರೆ, ಒಟ್ಟು ಮೊತ್ತ ‘ಅ’ನಿಗೆ ೧೫೬, ‘ಬ’ನಿಗೆ ೧೫೬.೫. ಇಬ್ಬರೂ ಎರಡೆರಡು ಓಟಗಳನ್ನು ಗೆದ್ದಿದ್ದಾರೆ. ಏಡನ್ನನ ಕಾಲದ ನಿಯಮದಂತೆ ಇಬ್ಬರಿಗೂ ಪ್ರಶಸ್ತಿಯಿಲ್ಲ; ಈ ಗಣಿತದಂತೆ ‘ಅ’ನೇ ವಿಜಯಿ.

ಇನ್ನು ಮಂಜುಗಡ್ಡೆ ಜಾರುವುದೇಕೆಂಬ ಪ್ರಶ್ನೆಗೆ ಬರೋಣ. ಅಲಗಿನ ಒತ್ತಡದಿಂದ ಗಡ್ಡೆ ಕರಗಿ, ನೀರಿನ ಪದರ ಉಂಟಾಗಿ, ಅದರ ಮೇಲೆ ಸ್ಪರ್ಧಿ ಜಾರುತ್ತಾನೆಂದು ಹಲವು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಇದನ್ನು ನಾವೇ ಪರೀಕ್ಷಿಸಬಹುದು. ೭೦ ಕಿಲೋಗ್ರಾಂ ತೂಕದ ಮನುಷ್ಯ ಒಂದು ಕಾಲಿನ ಮೇಲೆ ನಿಂತಿದ್ದಾನೆ. ಅಲಗಿನ ಅಗಲ ಸುಮಾರು ಒಂದು ಮಿಲಿಮೀಟರು. ಗಡ್ಡೆಗೆ ತಾಗಿರುವ ಭಾಗ ಹತ್ತು ಸೆಂಟಿಮೀಟರು ಉದ್ದವೆಂದಿಟ್ಟುಕೊಳ್ಳೋಣ. ವಿಸ್ತೀರ್ಣ ಒಂದು ಚದರ ಸೆಂಟಿಮೀಟರು. ಒತ್ತಡ ಸುಮಾರು ೭೦ ವಾಯುಭಾರಗಳು. ಒಂದೊಂದು ವಾಯುಭಾರಕ್ಕೆ ಮಂಜುಗಡ್ಡೆಯ ಕರಗುವ ಬಿಂದು ೦.೦೦೭೫ ಡಿಗ್ರಿಯಷ್ಟು ಮಾತ್ರ ಇಳಿಯುತ್ತದೆ. ಒಟ್ಟು ಇಳಿತ ಅರ್ಧ ಡಿಗ್ರಿ! ಆದರೆ ಓಟದ ಕಣದ ಗಡ್ಡೆಯನ್ನು ಸೊನ್ನೆಗಿಂತ ಐದಾರು ಡಿಗ್ರಿಗಳಷ್ಟು ಕೆಳಗೆ ಇಟ್ಟಿರುತ್ತಾರೆ. ಒತ್ತಡದ ವಾದ ಇಲ್ಲಿ ಕುಸಿದು ಬೀಳುತ್ತದೆ.

ಹಾಗಾದರೆ ನಿಜವಾದ ಕಾರಣವೇನು? ಗಡ್ಡೆಯ ಒಳಗಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದಲೂ ಹಿಡಿದಿರುತ್ತವೆ. ಮೇಲ್ಮೈಯ ಅಣುವಿಗೆ ಮೇಲುಗಡೆ ಹಿಡಿಯುವವರಿಲ್ಲ. ಅದು ಸಡಿಲವಾಗಿ ಚಲಿಸಬಲ್ಲದು. ಗಡ್ಡೆಯ ಮೇಲ್ಮೈಯಲ್ಲಿ ನೀರಿನಂಥ ಒಂದು ತೆಳುಪದರ ಇದ್ದೇ ಇರುತ್ತದೆಂದು ಮೈಕೆಲ್ ಫ್ಯಾರಡೆ ೧೮೫೦ರಲ್ಲಿಯೇ ಸೂಚಿಸಿದ್ದನು. ಇದರ ಜೊತೆಗೆ ಜಾರುವ ಅಲಗಿನ ಘರ್ಷಣೆಯಿಂದ ಶಾಖ ಹುಟ್ಟಿ ಆ ಪದರಕ್ಕೆ ನೆರವಾಗುತ್ತದೆ. ಇದರ ಪ್ರಾಮುಖ್ಯವನ್ನು ಬೌಡನ್ ಮತ್ತು ಹ್ಯೂಸ್ ೧೯೩೯ರಲ್ಲಿ ತೋರಿಸಿಕೊಟ್ಟರು. ಈ ಕಾರಣಗಳಿಂದ ಘರ್ಷಣೆ ಎಷ್ಟು ಅಲ್ಪವೆಂದರೆ, ೭೦ ಕಿಲೋಗ್ರಾಂ ತೂಕದ ಸ್ಪರ್ಧಿಯನ್ನು ತಡೆಯುವ ಬಲ ಸುಮಾರು ೩೦೦ ಗ್ರಾಂ, ಎಂದರೆ ಒಂದೆರಡು ಉಂಡೆ ಕೊಬ್ಬರಿಯ ತೂಕದಷ್ಟು ಮಾತ್ರ.

ಸ್ಪರ್ಧಿಯ ನಿಜವಾದ ವೈರಿ ಗಾಳಿ. ಸೆಕೆಂಡಿಗೆ ೧೨ ಮೀಟರು ವೇಗದಲ್ಲಿ ಗಾಳಿಯ ತಡೆ ಸುಮಾರು ಎರಡು ಕಿಲೋಗ್ರಾಂ ತೂಕದಷ್ಟಾಗುತ್ತದೆ. ಆದುದರಿಂದಲೇ ಅವನು ಬೆನ್ನನ್ನು ನೆಲಕ್ಕೆ ಸಮಾಂತರವಾಗಿ ಬಾಗಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಓಡುತ್ತಾನೆ. ವೇಗ ಹೆಚ್ಚಿದಂತೆ ಈ ತಡೆ ವೇಗದ ವರ್ಗದಂತೆಯೂ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನದಂತೆಯೂ ಏರುತ್ತದೆ. ೧೨ ಮೀಟರು ವೇಗವನ್ನು ೧೪ಕ್ಕೆ ಏರಿಸಬೇಕಾದರೆ ಸಾಮರ್ಥ್ಯವನ್ನು ಒಂದೂವರೆ ಪಟ್ಟಿಗೂ ಮೀರಿ ಹೆಚ್ಚಿಸಬೇಕು. ಅರೆನಿಮಿಷದ ಓಟಕ್ಕೆ ದಪ್ಪ ತೊಡೆಯ ಸ್ಫೋಟಕ ಶಕ್ತಿ ಬೇಕು. ಹದಿಮೂರು ನಿಮಿಷದ ಓಟಕ್ಕೆ ಹೃದಯ ಶ್ವಾಸಕೋಶಗಳ ತಾಳ್ಮೆ ಬೇಕು. ಒಂದೇ ದೇಹದಲ್ಲಿ ಇವೆರಡನ್ನೂ ಬೆಳೆಸುವುದರಲ್ಲಿಯೇ ಈ ಪಂದ್ಯದ ಕಷ್ಟವೂ ಸೊಗಸೂ ಅಡಗಿವೆ.

ಈ ಕಷ್ಟವನ್ನು ಗೆದ್ದವರ ಸಾಲು ದೊಡ್ಡದು. ನಾರ್ವೆಯ ಆಸ್ಕರ್ ಮಾಟಿಸೆನ್ ೧೯೦೮ರಿಂದ ೧೯೧೪ರೊಳಗೆ ಐದು ಬಾರಿ ಗೆದ್ದನು. ಮಹಾಯುದ್ಧದಿಂದ ನಿಂತಿದ್ದ ಪಂದ್ಯಗಳು ೧೯೨೨ರಲ್ಲಿ ಮರಳಿ ಆರಂಭವಾದ ಮೇಲೆ ಫಿನ್ಲೆಂಡಿನ ಕ್ಲಾಸ್ ತುನ್‌ಬರ್ಗ್ ಐದು ಬಾರಿ ಗೆದ್ದನು. ೧೯೨೪ರಲ್ಲಿ ಶಾಮೊನಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸಮಗ್ರ ಪದಕವನ್ನೂ ಇವನೇ ಪಡೆದನು. ಒಲಿಂಪಿಕ್ಸ್ ಆ ಪದಕವನ್ನು ಕೊಟ್ಟುದು ಅದೊಂದೇ ಸಲ. ಮಹಿಳೆಯರ ಮೊದಲ ಅಧಿಕೃತ ವಿಶ್ವಪಂದ್ಯ ೧೯೩೬ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆಯಿತು. ಅಮೆರಿಕದ ಕಿಟ್ ಕ್ಲೈನ್ ಗೆದ್ದರು. ರಷ್ಯದ ಮರಿಯಾ ಇಸಾಕೋವಾ ೧೯೪೮ರಿಂದ ಮೂರು ವರ್ಷ ಸತತವಾಗಿ ವಿಜಯಿಯಾದರು. ಹಾಲೆಂಡಿನ ಆರ್ಡ್ ಶೆಂಕ್ ೧೯೭೨ರಲ್ಲಿ ಓಸ್ಲೋದಲ್ಲಿ ನಾಲ್ಕು ಓಟಗಳನ್ನೂ ಗೆದ್ದನು. ಅದೇ ದೇಶದ ಸ್ವೆನ್ ಕ್ರಾಮರ್ ೨೦೦೭ರಿಂದ ೨೦೧೭ರೊಳಗೆ ಒಂಬತ್ತು ಪ್ರಶಸ್ತಿಗಳನ್ನು ಗಳಿಸಿದನು.

ಏಡನ್ ೧೮೯೪ರಲ್ಲಿ ಹಾಮಾರ್‌ನಲ್ಲಿ ೫,೦೦೦ ಮೀಟರನ್ನು ೮ ನಿಮಿಷ ೩೭.೬ ಸೆಕೆಂಡುಗಳಲ್ಲಿ ಮುಗಿಸಿದ್ದನು. ೨೦೨೧ರಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಸ್ವೀಡನ್ನಿನ ನಿಲ್ಸ್ ವಾನ್ ಡರ್ ಪೂಲ್ ಅದನ್ನೇ ೬ ನಿಮಿಷ ೧.೫೬ ಸೆಕೆಂಡುಗಳಲ್ಲಿ ಮುಗಿಸಿದನು. ಎರಡೂವರೆ ನಿಮಿಷಕ್ಕೂ ಮೀರಿದ ಈ ಅಂತರ ಬರಿಯ ಕಾಲ್ಬಲದ್ದಲ್ಲ. ಏಡನ್ ಓಡಿದ್ದು ಬಯಲಿನ ಗಡ್ಡೆಯ ಮೇಲೆ, ಗಾಳಿಗೆ ಮೈಯೊಡ್ಡಿ. ಇಂದಿನವರು ಓಡುವುದು ಮಾಡಿನ ಕೆಳಗೆ, ಯಂತ್ರಗಳು ಹದವಾಗಿ ಹೆಪ್ಪುಗಟ್ಟಿಸಿದ ನುಣುಪಾದ ಗಡ್ಡೆಯ ಮೇಲೆ. ಸಾಲ್ಟ್ ಲೇಕ್ ಸಮುದ್ರಮಟ್ಟದಿಂದ ೧,೪೦೦ ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿ ಸುಮಾರು ಎಂಟನೆಯ ಒಂದು ಭಾಗದಷ್ಟು ವಿರಳವಾಗಿದೆ. ಇದಲ್ಲದೆ ಆಮ್‌ಸ್ಟರ್‌ಡಾಮಿನ ಸಂಶೋಧಕರು ಹಿಮ್ಮಡಿಯಿಂದ ಬಿಡಿಸಿಕೊಳ್ಳುವಂಥ, ಮುಂಗಾಲಿನಲ್ಲಿ ತಿರುಗಣಿಯುಳ್ಳ ಅಲಗನ್ನು ರೂಪಿಸಿದರು. ಹಿಮ್ಮಡಿ ಎದ್ದರೂ ಅಲಗು ಗಡ್ಡೆಯನ್ನು ಬಿಡದೆ ಇನ್ನಷ್ಟು ಹೊತ್ತು ತಳ್ಳಬಲ್ಲದು. ಬಳಿಕ ಚಪ್ ಎಂದು ಸದ್ದುಮಾಡುತ್ತ ಸ್ವಸ್ಥಾನಕ್ಕೆ ಮರಳುತ್ತದೆ. ೧೯೯೮ರ ನಾಗಾನೊ ಒಲಿಂಪಿಕ್ಸ್ ವೇಳೆಗೆ ಅದು ಸರ್ವತ್ರ ಬಳಕೆಗೆ ಬಂದಿತ್ತು.

ಆದರೆ ವಿಜ್ಞಾನ ವೇಗವನ್ನು ಕೊಟ್ಟಂತೆಯೇ ವಿಶೇಷಜ್ಞತೆಯನ್ನೂ ತಂದಿತು. ಒಲಿಂಪಿಕ್ಸ್‌ನಲ್ಲಿ ಪದಕಗಳಿರುವುದು ಒಂದೊಂದು ದೂರಕ್ಕೆ ಪ್ರತ್ಯೇಕವಾಗಿ. ಇದರಿಂದ ಒಬ್ಬನು ೫೦೦ಕ್ಕೆ ಮಾತ್ರ, ಇನ್ನೊಬ್ಬನು ೧೦,೦೦೦ಕ್ಕೆ ಮಾತ್ರ ದೇಹವನ್ನು ಹದಗೊಳಿಸತೊಡಗಿದನು. ೧೯೮೦ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಎರಿಕ್ ಹೈಡನ್ ೫೦೦ರಿಂದ ೧೦,೦೦೦ದವರೆಗಿನ ಐದು ಓಟಗಳಲ್ಲಿಯೂ ಚಿನ್ನ ಗೆದ್ದುದು ಇಂದು ಕತೆಯಂತೆ ತೋರುತ್ತದೆ. ಶಾಂತಿಕಾಲದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಮಗ್ರ ವಿಶ್ವಪಂದ್ಯ ೨೦೨೦ರ ಬಳಿಕ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುವಂತಾಯಿತು. ೨೦೨೪ರಲ್ಲಿ ಇನ್‌ಟ್ಸೆಲ್‌ನಲ್ಲಿ ಅಮೆರಿಕದ ತರುಣ ಜೋರ್ಡಾನ್ ಸ್ಟೋಲ್ಜ್ ಗಿಡ್ಡ ಓಟದಲ್ಲಿ ಹೆಸರಾಗಿದ್ದೂ ಈ ಪ್ರಶಸ್ತಿಯನ್ನು ಪಡೆದು, ಹಳೆಯ ಆದರ್ಶ ಇನ್ನೂ ಬದುಕಿದೆಯೆಂದು ತೋರಿಸಿದನು.

ಕಾಲುವೆಗಳ ಸ್ಥಿತಿಯೂ ಚಿಂತಾಜನಕವೇ. ಹಾಲೆಂಡಿನ ಹನ್ನೊಂದು ಊರುಗಳನ್ನು ಹಾದುಹೋಗುವ ಸುಮಾರು ೨೦೦ ಕಿಲೋಮೀಟರುಗಳ ಪ್ರಸಿದ್ಧ ಓಟಕ್ಕೆ ದಾರಿಯುದ್ದಕ್ಕೂ ಗಟ್ಟಿ ಗಡ್ಡೆ ಬೇಕು. ೧೯೯೭ರ ಜನವರಿಯ ಓಟದ ನಂತರ ದಶಕಗಳು ಕಳೆದರೂ ಕಾಲುವೆಗಳು ಸಾಕಷ್ಟು ಹೆಪ್ಪುಗಟ್ಟಿಲ್ಲ. ಭೂಮಿ ಬೆಚ್ಚಗಾಗುತ್ತಿರುವಾಗ ಕ್ರೀಡೆಯು ತಾನು ಹುಟ್ಟಿದ ನೀರಿನಿಂದ ದೂರ ಸರಿದು ಯಂತ್ರದ ಆಶ್ರಯವನ್ನು ಸೇರಿದೆ. ನಮ್ಮ ದೇಶದಲ್ಲಿ ಇನ್ನೂ ನಿಸರ್ಗದ ಗಡ್ಡೆಯ ಮೇಲೆ ಸ್ಕೇಟಿಂಗ್ ನಡೆಯುವ ಲೇಹ್, ಶಿಮ್ಲಾಗಳೂ ಚಳಿಯ ಕೃಪೆಯನ್ನೇ ನೆಚ್ಚಿಕೊಂಡಿವೆ.

ತೆಂಗಿನ ನಾಡಿನ ವಿದ್ಯಾರ್ಥಿಗೆ ಹೆಪ್ಪುಗಟ್ಟಿದ ಕೆರೆ ಕಾಣಸಿಗದು. ಆದರೂ ಮಾರ್ಗಶಿರದ ಒಂದು ಬೆಳಗ್ಗೆ ಅವನು ಈ ಪ್ರಯೋಗವನ್ನು ಮಾಡಬಹುದು. ಗಟ್ಟಿಯಾದ ಕೊಬ್ಬರಿ ಎಣ್ಣೆಯ ತುಣುಕೊಂದನ್ನು ತಿಳಿ ಎಣ್ಣೆಗೆ ಹಾಕಿದರೆ ಅದು ಮುಳುಗುವುದನ್ನೂ, ಪಕ್ಕದ ಲೋಟದಲ್ಲಿ ಮಂಜುಗಡ್ಡೆ ತೇಲುವುದನ್ನೂ ನೋಡಲಿ. ಯಾಪ್ ಏಡನ್ನನ ಕಾಲಡಿ ನೆಲವಾದದ್ದು ಆ ತೇಲುವ ತುಂಡೇ.