ಯಂತ್ರವಿದ್ಯೆಯೂ ನೀತಿಪಾಠವೂ

ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ನೀತಿಯನ್ನು ಕಲಿಸಬೇಕೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಹೇಗೆ ಕಲಿಸಬೇಕೆಂಬಲ್ಲಿಯೇ ತೊಡಕು. ವಾರಕ್ಕೊಂದು ಗಂಟೆಯನ್ನು ಬೇರೆಯಾಗಿ ತೆಗೆದಿಟ್ಟು, ಸತ್ಯವನ್ನೇ ನುಡಿಯಬೇಕು, ಪರಹಿತವನ್ನು ಬಯಸಬೇಕು ಎಂದು ಬೋಧಿಸುವುದು ಸುಲಭದ ದಾರಿ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ಸುಳ್ಳಾಡಬಾರದೆಂಬುದು ಅವರಿಗೆ ಮೊದಲೇ ತಿಳಿದಿತ್ತು. ತಿಳಿಯದೆ ಇದ್ದುದು, ನಾಳೆ ತಮ್ಮ ಕೆಲಸದ ಮೇಜಿನ ಬಳಿಗೆ ಸುಳ್ಳು ಯಾವ ವೇಷದಲ್ಲಿ ಬರುತ್ತದೆ ಎಂಬುದು.

ಪಂಚತಂತ್ರದ ವಿಷ್ಣುಶರ್ಮ ರಾಜಕುಮಾರರಿಗೆ ನೀತಿಯನ್ನು ಕಥೆಗಳ ಮೂಲಕ ಕಲಿಸಿದ. ಆ ಹಳೆಯ ಉಪಾಯ ಇಲ್ಲಿಯೂ ಸಲ್ಲುತ್ತದೆ. ಆದರೆ ಒಂದು ಕಟ್ಟಳೆಯೊಡನೆ. ಕಥೆಯ ಕೊನೆಯನ್ನು ಮೊದಲೇ ಹೇಳಕೂಡದು. ಕೊನೆ ತಿಳಿದ ಮೇಲೆ ಎಲ್ಲರೂ ವಿವೇಕಿಗಳೇ.

ಒಂದು ನಿಜಸಂಗತಿಯನ್ನು ತೆಗೆದುಕೊಳ್ಳೋಣ. ಥೆರಾಕ್-೨೫ ಎಂಬುದು ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿದ್ದ ಯಂತ್ರ. ಹಿಂದಿನ ಮಾದರಿಯಲ್ಲಿ ಅಪಾಯವನ್ನು ತಡೆಯಲು ಯಂತ್ರದಲ್ಲಿಯೇ ಪ್ರತ್ಯೇಕ ತಡೆಗಳಿದ್ದವು. ಇದರಲ್ಲಿ ಆ ಹೊಣೆಯನ್ನು ಬಹುಮಟ್ಟಿಗೆ ಕಂಪ್ಯೂಟರ್ ಪ್ರೋಗ್ರಾಮಿಗೇ ವಹಿಸಲಾಗಿತ್ತು. ೧೯೮೬ರ ಮಾರ್ಚ್ ೨೧ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಪಟ್ಟಣದ ಆಸ್ಪತ್ರೆಯಲ್ಲಿ, ಕೋಣೆಯ ಹೊರಗೆ ಕುಳಿತು ಯಂತ್ರವನ್ನು ನಡೆಸುತ್ತಿದ್ದಾಕೆ ಒಂದು ಅಕ್ಷರವನ್ನು ತಪ್ಪಾಗಿ ಒತ್ತಿ, ಕೂಡಲೇ ತಿದ್ದಿದಳು. ಪರದೆಯ ಮೇಲೆ ‘ದೋಷ ೫೪’ ಎಂದು ಮೂಡಿತು. ಅದರಿಂದ ರೋಗಿಗೆ ಏನಾದೀತೆಂಬುದನ್ನು ಕೈಪಿಡಿ ತಿಳಿಸಿರಲಿಲ್ಲ. ಇಂಥ ಸೂಚನೆಗಳು ಪದೇ ಪದೇ ಬರುತ್ತಿದ್ದುದರಿಂದ ಆಕೆ ಮುಂದುವರಿಸುವ ಗುಂಡಿಯನ್ನು ಒತ್ತಿದಳು. ಒಳಗೆ ರೋಗಿ ಬೆನ್ನಿನ ಉರಿ ತಾಳಲಾರದೆ ಎದ್ದು ಬಂದು ಬಾಗಿಲನ್ನು ಬಡಿದ. ಬಳಿಕ ಕಂಪನಿಯ ಎಂಜಿನಿಯರುಗಳು ಪರೀಕ್ಷಿಸಿದರು. ಆ ದೋಷ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಅಧ್ಯಾಪಕರು ಇಲ್ಲಿಗೆ ಕಥೆಯನ್ನು ನಿಲ್ಲಿಸಬೇಕು. “ಈಗ ವರದಿಯನ್ನು ನೀವು ಬರೆಯಿರಿ, ಕೆಳಗೆ ರುಜು ಹಾಕಿರಿ. ಚಿಕಿತ್ಸೆಗಾಗಿ ಇತರ ರೋಗಿಗಳು ಕಾದಿದ್ದಾರೆಂಬುದನ್ನು ಮರೆಯಬೇಡಿ” ಎನ್ನಬೇಕು. ಒಬ್ಬ ವಿದ್ಯಾರ್ಥಿ “ಯಂತ್ರದಲ್ಲಿ ದೋಷವಿಲ್ಲ” ಎಂದು ಬರೆದಾನು. ಇನ್ನೊಬ್ಬ “ನಮಗೆ ದೋಷ ಕಾಣಲಿಲ್ಲ” ಎಂದು ಬರೆದಾನು. ಎರಡೂ ಒಂದೇ ಎಂದು ತೋರಬಹುದು. ಆದರೆ ಮೊದಲನೆಯದು ಯಂತ್ರದ ಬಗೆಗಿನ ಆಶ್ವಾಸನೆ. ಎರಡನೆಯದು ತನ್ನ ಅರಿವಿನ ಮಿತಿಯ ಒಪ್ಪಿಗೆ. ಮೊದಲನೆಯದನ್ನು ಬರೆದವನು ದುಷ್ಟನಲ್ಲ, ತಾನು ಸತ್ಯವನ್ನೇ ಬರೆದೆನೆಂದು ನಂಬಿದವನು. ಮೇಜಿನ ಬಳಿಗೆ ಸುಳ್ಳು ಬರುವ ವೇಷ ಇದೇ.

ಅನಂತರ ಕೊನೆಯನ್ನು ಹೇಳಬೇಕು. ಮಿತಿಮೀರಿದ ವಿಕಿರಣ ಸಾಧ್ಯವೇ ಇಲ್ಲವೆಂದು ಕಂಪನಿಯವರು ತಿಳಿಸಿದ್ದರು. ಏಪ್ರಿಲ್ ೭ರಂದು ಯಂತ್ರ ಮತ್ತೆ ಬಳಕೆಗೆ ಬಂತು. ೧೧ರಂದು ಮತ್ತೊಬ್ಬ ರೋಗಿಗೆ ಅದೇ ಗತಿಯಾಯಿತು. ಇಬ್ಬರೂ ಆ ವರ್ಷವೇ ತೀರಿಕೊಂಡರು. ಆಸ್ಪತ್ರೆಯ ಭೌತವಿಜ್ಞಾನಿ ಅದೇ ಆಪರೇಟರಳೊಂದಿಗೆ ಕುಳಿತು, ಆಕೆ ಮಾಡಿದ್ದನ್ನೆಲ್ಲ ಮತ್ತೆ ಮತ್ತೆ ಮಾಡಿಸಿ ಕಾರಣವನ್ನು ಹುಡುಕಿದರು. ಯಂತ್ರ ತನ್ನನ್ನು ಸಜ್ಜುಗೊಳಿಸಿಕೊಳ್ಳುವ ಸುಮಾರು ೮ ಸೆಕೆಂಡುಗಳೊಳಗೆ ಮಾಡಿದ ತಿದ್ದುಪಡಿ ಪ್ರೋಗ್ರಾಮಿನ ಗಮನಕ್ಕೆ ಬರುತ್ತಿರಲಿಲ್ಲ. ನಿಧಾನವಾಗಿ ಒತ್ತಿ ನೋಡಿದವರಿಗೆ ಕಾಣದ ದೋಷ, ದಿನನಿತ್ಯದ ಕೆಲಸದಿಂದ ಪಳಗಿದ ಚುರುಕು ಬೆರಳುಗಳಿಗೆ ಸಿಕ್ಕಿತು. ಹಳೆಯ ಮಾದರಿಯ ಪ್ರೋಗ್ರಾಮಿನಲ್ಲಿಯೂ ಇದೇ ತಪ್ಪಿತ್ತೆಂದು ಆಮೇಲೆ ತಿಳಿಯಿತು. ಅಲ್ಲಿ ಫ್ಯೂಸ್ ಹೋಗುತ್ತಿತ್ತು, ಮನುಷ್ಯ ಉಳಿಯುತ್ತಿದ್ದ.

ಹೀಗೆ ನೋಡಿದರೆ ಇದು ನೀತಿಯ ಪಾಠವೋ ಪ್ರೋಗ್ರಾಮಿನ ಪಾಠವೋ ಬೇರ್ಪಡಿಸಿ ಹೇಳುವುದು ಕಷ್ಟ. ಆದಕಾರಣ ಇದನ್ನು ತತ್ತ್ವಶಾಸ್ತ್ರದ ಅಧ್ಯಾಪಕರೊಬ್ಬರಿಗೇ ಒಪ್ಪಿಸಿ ಉಳಿದವರು ಕೈತೊಳೆದುಕೊಳ್ಳಬಾರದು. ಹೊಣೆ, ನ್ಯಾಯ ಎಂಬ ಮಾತುಗಳ ಅರ್ಥವನ್ನು ಅವರು ಬಿಡಿಸಿ ತೋರಿಸಲಿ. ಪ್ರಯೋಗಶಾಲೆಯ ಗುರುಗಳು ಪ್ರತಿಯೊಂದು ವರದಿಯಲ್ಲಿಯೂ ‘ನೀನು ಏನನ್ನು ಪರೀಕ್ಷಿಸಲಿಲ್ಲ?’ ಎಂದು ಕೇಳಿ, ಆ ಉತ್ತರಕ್ಕೂ ಅಂಕ ಕೊಡಲಿ. ನೋವಾಯಿತೆಂದು ಹೇಳಿಕೊಂಡವರ ಮಾತನ್ನು ಯಂತ್ರದ ಸಾಕ್ಷ್ಯದಷ್ಟೇ ಗೌರವದಿಂದ ದಾಖಲಿಸುವುದನ್ನು ಕಲಿಸಲಿ. ನಾಲ್ಕು ವರ್ಷ ಹೀಗೆ ಬರೆದು ರೂಢಿಯಾದ ಕೈ, ಮುಂದೆ ಮೇಲಧಿಕಾರಿಯ ಅವಸರದ ನಡುವೆಯೂ “ದೋಷವಿಲ್ಲ” ಎಂದು ಬರೆಯುವ ಮುನ್ನ ಒಂದು ಕ್ಷಣ ತಡೆದೀತು. ಶಿಕ್ಷಣದಿಂದ ನಾವು ನಿರೀಕ್ಷಿಸಬಹುದಾದುದು ಆ ಒಂದು ಕ್ಷಣವನ್ನೇ.