ಅರಸನ ಆಸ್ಥಾನ ಕಂಡ ವಾಲ್ರಸ್ ಮರಿ

1608ರಲ್ಲಿ ಇಂಗ್ಲೆಂಡಿನ ಅರಸ ಒಂದನೆಯ ಜೇಮ್ಸನ ಆಸ್ಥಾನಕ್ಕೆ ವಿಚಿತ್ರ ಅತಿಥಿಯೊಂದು ಆಗಮಿಸಿತು. ಮಸ್ಕವಿ ಕಂಪನಿಯ ನಾವಿಕರು ಉತ್ತರ ಹಿಮಸಾಗರದ ಕರಡಿದ್ವೀಪದಲ್ಲಿ, ಏಳು ಗಂಟೆಗಳೂ ಕಳೆಯುವುದರೊಳಗೆ, ಒಂಬೈನೂರಕ್ಕೂ ಮಿಕ್ಕ ವಾಲ್ರಸ್‌ಗಳನ್ನು ದಂತಕ್ಕಾಗಿಯೂ ಎಣ್ಣೆಗಾಗಿಯೂ ಕೊಂದಿದ್ದರು. ಜೀವಸಹಿತ ಹಿಡಿದದ್ದು ಎರಡು ಮರಿಗಳನ್ನು ಮಾತ್ರ. ಹೆಣ್ಣುಮರಿ ದಾರಿಯಲ್ಲೇ ಸತ್ತಿತು. ಗಂಡುಮರಿಯನ್ನು ಅರಸನೂ ಪರಿವಾರದವರೂ ಕೌತುಕದಿಂದ ನೋಡಿದರು. ಬಲು ಸಾಧುಪ್ರಾಣಿ, ಕಲಿಸಿದರೆ ಕಲಿಯಬಲ್ಲದು ಎಂದು ನಾವಿಕರು ಬರೆದಿಟ್ಟರು. ಕಲಿಸಲು ಕಾಲವೆಲ್ಲಿತ್ತು? ಹೆಚ್ಚು ಕಾಲ ಕಳೆಯುವ ಮುನ್ನವೇ ಅದೂ ಕಾಯಿಲೆ ಬಿದ್ದು ಅಸುನೀಗಿತು.

ಮುಂದೆ ಹಾಲೆಂಡಿಗೆ ಬಂದ ಇನ್ನೊಂದು ಮರಿಗೆ ಧಾನ್ಯದ ಗಂಜಿಯನ್ನು ಉಣಿಸಿದರಂತೆ. ಪಾಪ, ಅದು ಗಂಜಿಯನ್ನು ಮೆಲ್ಲಮೆಲ್ಲನೆ ಹೀರುತ್ತಿತ್ತು. ಹೀರುವುದೇ ಅದರ ಹುಟ್ಟುಗುಣ. ನಮ್ಮ ಕರಾವಳಿಯವರ ಮರುವಾಯಿಯಂಥ ಚಿಪ್ಪುಜೀವಿಗಳನ್ನು ವಾಲ್ರಸ್ ಕಡಲತಳದಲ್ಲಿ ಮೀಸೆಯಿಂದ ತಡವಿ ಹುಡುಕುತ್ತದೆ. ನಾಲಗೆಯನ್ನು ಹಿಂದಕ್ಕೆಳೆದು, ಚಿಪ್ಪಿನೊಳಗಿನ ಮಾಂಸವನ್ನಷ್ಟೇ ಸೆಳೆದುಕೊಳ್ಳುತ್ತದೆ. ಮರಿಯಾದರೋ ಸುಮಾರು ಎರಡು ವರ್ಷ ತಾಯಿಯ ಹಾಲನ್ನು ಬಿಡದು. ಆ ಹಾಲು ಹಸುವಿನ ಹಾಲಿಗಿಂತ ಅನೇಕ ಪಟ್ಟು ಕೊಬ್ಬುಳ್ಳದ್ದು. ತಾಯಿಯೂ ಮರಿಯನ್ನು ಬಿಟ್ಟು ಓಡುವುದಿಲ್ಲ. ಆದಕಾರಣ, ಮರಿ ಹಿಡಿಯುವವರು ಮೊದಲು ತಾಯಿಯನ್ನೇ ಕೊಲ್ಲುತ್ತಿದ್ದುದುಂಟು.

1867ರಲ್ಲಿ ಲಂಡನ್ನಿನ ಮೃಗಾಲಯವು ತಿಮಿಂಗಿಲ ಬೇಟೆಗಾರರು ತಂದಿದ್ದ ಮರಿಯೊಂದನ್ನು 200 ಪೌಂಡು ತೆತ್ತು ಕೊಂಡಿತು. ಹಡಗಿನಲ್ಲಿ ಅದಕ್ಕೆ ದೊರೆತಿದ್ದುದು ಬೇಯಿಸಿದ ಹಂದಿಮಾಂಸ! ಮೃಗಾಲಯದ ಮೇಲ್ವಿಚಾರಕ ಬಾರ್ಟ್ಲೆಟ್ ಚಿಪ್ಪುಜೀವಿಗಳನ್ನು ತರಿಸಿ ಉಣಿಸಿದ. ಆದರೂ ಆ ವರ್ಷ ಮುಗಿಯುವ ಮುನ್ನವೇ ಅದು ಸತ್ತಿತು. ಜನ ಮಾತ್ರ ಗುಂಪುಗುಂಪಾಗಿ ಬಂದು ನೋಡಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಆಹಾರದ ಮರ್ಮ ತಿಳಿಯಿತು, ಆಯುಷ್ಯವೂ ಬೆಳೆಯಿತು. ಆದರೆ ಸಿಮೆಂಟಿನ ಕೊಳಕ್ಕೆ ಹಿಮದ ಗುಣ ಬಂದೀತೆ? ಗೋಡೆಗೆ ಉಜ್ಜಿ ಉಜ್ಜಿ ಸವೆದ ದಂತಗಳು ಕೀವುಗಟ್ಟಿ, ಎಷ್ಟೋ ವಾಲ್ರಸ್‌ಗಳ ದಂತಗಳನ್ನು ವೈದ್ಯರು ಕೀಳಬೇಕಾಯಿತು. ದಂತವಿಲ್ಲದ ವಾಲ್ರಸ್ಸನ್ನು ನೋಡುವುದು ಕೊಂಬು ಕಡಿದ ಹೋರಿಯನ್ನು ನೋಡಿದಂತೆಯೇ ಸರಿ.

ಇವುಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಜರ್ಮನಿಯ ಆಂತ್ಯೆ. 1976ರಲ್ಲಿ ಮರಿಯಾಗಿ ಹ್ಯಾಂಬರ್ಗಿನ ಹಾಗೆನ್‌ಬೆಕ್ ಮೃಗಾಲಯಕ್ಕೆ ಬಂದ ಈಕೆ, ಉತ್ತರ ಜರ್ಮನಿಯ ದೂರದರ್ಶನ ಸಂಸ್ಥೆಯ ಲಾಂಛನವೇ ಆಗಿಬಿಟ್ಟಳು. ಕಾರ್ಯಕ್ರಮಗಳ ನಡುವೆ ನೀರಿನಿಂದ ತಲೆಯೆತ್ತುವ ಆ ಮೀಸೆಯ ಮುಖ ಮಕ್ಕಳಿಗೆಲ್ಲ ಚಿರಪರಿಚಿತ. 2003ರಲ್ಲಿ ಆಕೆ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಅದೇ ನಗರದ ಪ್ರಾಣಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ನೋಡಲು ಜನ ಅಲ್ಲಿಗೂ ಬಂದರು.